ಹೆಡ್ಜಿಂಗ್ ಯಾವಾಗಲೂ ಲಾಭ ಅಲ್ಲ

ಇಂಧನದ ಬೆಲೆಯನ್ನು ಮುಂಚೆಯೇ ಕುದುರಿಸಿಟ್ಟುಕೊಂಡ (ಇದನ್ನೇ ಹೆಡ್ಜಿಂಗ್ ಎನ್ನುವುದು) ವಿಮಾನ ಕಂಪನಿಯೇ ಪೈಪೋಟಿಯಲ್ಲಿ ಗೆಲ್ಲುತ್ತದೆ ಎಂಬ ವಾದವಿದೆ. ಅರ್ಧ ಮಾತ್ರ ಸರಿ.

ಅಮೆರಿಕದ ವಿಮಾನ ಕಂಪನಿ ಸೌತ್‌ವೆಸ್ಟ್ ಇದಕ್ಕೆ ಒಳ್ಳೆ ಉದಾಹರಣೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಸೌತ್‌ವೆಸ್ಟ್ ತನಗೆ ಬೇಕಾದ ಇಂಧನದ ಸುಮಾರು 70% ಭಾಗಕ್ಕೆ 51 ಡಾಲರ್ ಆಸುಪಾಸಿನ ದರವನ್ನು ಮೊದಲೇ ಕಟ್ಟಿಕೊಂಡಿತ್ತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಮೊದಲ ಬ್ಯಾಗಿಗೇ 15 ಡಾಲರ್ ಕೇಳತೊಡಗಿತು. ಸೌತ್‌ವೆಸ್ಟ್‌ನವರು ಮಾತ್ರ ಬ್ಯಾಗ್ ಫ್ರೀ ಎಂದು ಜಾಹೀರಾತು ಕೊಟ್ಟು ಗಿರಾಕಿಗಳನ್ನು ಸೆಳೆದರು. ಕೈಯಲ್ಲಿ ಅಗ್ಗದ ಇಂಧನ ಇದ್ದರೆ ಏನೆಲ್ಲ ಮಾಡಬಹುದು ನೋಡಿ!

ಆದರೆ ಡಿಸೆಂಬರ್ ಹೊತ್ತಿಗೆ ತೈಲ 40 ಡಾಲರ್‌ಗಿಂತ ಕೆಳಗೆ ಬಿತ್ತು. ಆಗ ಇದೇ ಒಪ್ಪಂದಗಳು ಕೊರಳಿಗೆ ಸುತ್ತಿಕೊಂಡವು. ಹಾಂಕಾಂಗ್‌ನ ವಿಮಾನ ಕಂಪನಿ ಕ್ಯಾಥೆ ಪೆಸಿಫಿಕ್ ಪಾಡು ಇನ್ನೂ ಕೆಟ್ಟದ್ದು. 2016ರಲ್ಲಿ ಹೆಡ್ಜಿಂಗ್ ಒಂದರಲ್ಲೇ 800 ಕೋಟಿ ಹಾಂಕಾಂಗ್ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು. ಹೆಡ್ಜ್ ಮಾಡದವರು ಆಗ ಅಗ್ಗದ ಇಂಧನ ತುಂಬಿಸಿಕೊಂಡು ಟಿಕೆಟ್ ದರ ಇಳಿಸುತ್ತಿದ್ದರು. ಕ್ಯಾಥೆಯವರು ಹಳೇ ದರಕ್ಕೇ ಕಟ್ಟುಬಿದ್ದಿದ್ದರು ಅಲ್ವಾ?

ಅಂದ ಹಾಗೆ, 2025ರಲ್ಲಿ ಸೌತ್‌ವೆಸ್ಟ್ ಹೆಡ್ಜಿಂಗನ್ನೇ ಕೈಬಿಟ್ಟಿತು. ಅದೇ ವರ್ಷ ಬ್ಯಾಗಿಗೂ ದುಡ್ಡು ಕೇಳಲು ಶುರುಮಾಡಿತು.