ಕುಡಿಯದವರಿಗೂ ಬರುತ್ತದೆ

ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವುದು, ಕುಡುಕರ ಕಾಯಿಲೆ ಎಂದು ಒಬ್ಬರು ಬರೆದಿದ್ದಾರೆ. ನಾನು ಶಿರಸಿ ಕಡೆಯ ಅಡಿಕೆ ತೋಟದವನು, ಹೆಂಡದ ವಾಸನೆಯೂ ಗೊತ್ತಿಲ್ಲ. ಆದರೂ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2, ಅಂದರೆ ಮಧ್ಯಮ ಹಂತ, ಎಂದು ಬಂತು. ನನ್ನ ಪಾಲಿನ ಹೆಂಡ ಬೆಲ್ಲ: ಆಲೆಮನೆಯ ಕಬ್ಬಿನ ಹಾಲು, ತೊಡದೇವು ಎಂಬ ತೆಳು ಸಿಹಿತಿಂಡಿ, ದಿನಕ್ಕೆ ಐದು ಲೋಟ ಸಿಹಿ ಕಷಾಯ. ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಸಕ್ಕರೆಯಲ್ಲ ಎಂದು ನಮ್ಮನ್ನು ನಾವೇ ನಂಬಿಸಿಕೊಂಡಿದ್ದೇವೆ. ಯಕೃತ್ತು ಅಂಥ ಭೇದ ಮಾಡುವುದಿಲ್ಲ, ಹೆಚ್ಚಾದದ್ದನ್ನು ಕೊಬ್ಬಾಗಿಸಿ ಇಟ್ಟುಕೊಳ್ಳುತ್ತದೆ. ವೈದ್ಯರು ಮಾತ್ರೆ ಕೊಡಲಿಲ್ಲ, ತೂಕದಲ್ಲಿ ಶೇಕಡಾ 7ರಿಂದ 10ರಷ್ಟು ಇಳಿಸಿ ಎಂದರು. 80 ಕಿಲೋದ ನನಗೆ ಅದು ಸುಮಾರು ಆರರಿಂದ ಎಂಟು ಕಿಲೋ. ಬೈಕು ಬಿಟ್ಟು ತೋಟಕ್ಕೆ ನಡೆದು, ರಾತ್ರಿಯ ಅನ್ನ ಅರ್ಧಕ್ಕಿಳಿಸಿ, ಎಂಟು ತಿಂಗಳಲ್ಲಿ ಆರು ಕಿಲೋ ಇಳಿಸಿದೆ. ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಈಗ ಮಿತಿಯೊಳಗಿದೆ. ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿಗೆ ಮಾತ್ರ ವೈದ್ಯರು ಅಡ್ಡಿ ಹೇಳಲಿಲ್ಲ, ಪುಣ್ಯ.