ನೀರು ಮುಗಿಯಿತು, ಸ್ವಾಮಿ

ಪ್ರಜಾಪ್ರಭುತ್ವವು ಪ್ರಾಚೀನ ಗ್ರೀಕರು ಜಗತ್ತಿಗೆ ಕೊಟ್ಟ ಕೊಡುಗೆ ಎಂದು ಯಾರಾದರೂ ಭಾಷಣ ಆರಂಭಿಸಿದರೆ ನಾನು ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿ ಕೂರುತ್ತೇನೆ. ಅಂದಿನ ಊಟ ತಡವೆಂಬುದು ಆ ಒಂದು ವಾಕ್ಯದಿಂದಲೇ ಖಾತ್ರಿಯಾಗುತ್ತದೆ. ಇತ್ತೀಚೆಗೆ ಒಂದು ಸಮಾರಂಭದಲ್ಲಿ “ಸಮಯದ ಅಭಾವವಿರುವುದರಿಂದ ಎರಡೇ ಮಾತು” ಎಂದು ಮೈಕು ಹಿಡಿದ ಮುಖ್ಯ ಅತಿಥಿಗಳು ಅಥೆನ್ಸಿನಿಂದ ಹೊರಟು, ರೋಮನ್ನು ಹಾದು, ಫ್ರಾನ್ಸಿನ ಕ್ರಾಂತಿಯನ್ನು ವಿಸ್ತಾರವಾಗಿ ಮುಗಿಸಿ, ನಮ್ಮ ಸಂವಿಧಾನ ಸಭೆಯ ಹೊಸ್ತಿಲಿಗೆ ಬರುವ ಹೊತ್ತಿಗೆ ನಿರೂಪಕಿ ಮೆಲ್ಲನೆ ಒಂದು ಚೀಟಿಯನ್ನು ಅವರ ಮುಂದಿಟ್ಟರು. ಅವರು ಅದನ್ನು ಓದಿದರು, ಮುಗುಳ್ನಕ್ಕರು, ಗಾಳಿಗೆ ಹಾರದಿರಲೆಂದು ಅದರ ಮೇಲೆ ನೀರಿನ ಬಾಟಲಿಯನ್ನಿಟ್ಟು ಮುಂದುವರಿದರು.

ಗ್ರೀಕರ ಹೆಸರು ಹೇಳುತ್ತಲೇ ನೀರನ್ನು ಹೀಗೆ ದುರುಪಯೋಗಪಡಿಸಿದ್ದು ನನಗೆ ಸಹಿಸಲಾಗಲಿಲ್ಲ, ಏಕೆಂದರೆ ಅಥೆನ್ಸಿನವರು ಮಾತು ನಿಲ್ಲಿಸುವುದಕ್ಕೆಂದೇ ನೀರನ್ನು ಬಳಸುತ್ತಿದ್ದರು. ಅಲ್ಲಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಪೂ. ಐದನೆಯ ಶತಮಾನದ ಕೊನೆಗೆ ಸೇರಿದ, ಕ್ಲೆಪ್ಸಿಡ್ರಾ ಎಂಬ, ಮಾತಿನ ಹೊತ್ತನ್ನು ನೀರಿನಿಂದ ಅಳೆಯುವ ಒಂದು ಮಣ್ಣಿನ ಪಾತ್ರೆಯಿದೆ. ಬುಡದ ಹತ್ತಿರ ಕಂಚಿನ ಸಣ್ಣ ಕೊಳವೆ, ಅಂಚಿನ ತುಸು ಕೆಳಗೆ ಒಂದು ತೂತು. ಹೆಚ್ಚಾದ ನೀರು ಆ ತೂತಿನಿಂದ ಚೆಲ್ಲಿಹೋಗುವುದರಿಂದ ಯಾರ ಕೈ ತುಂಬಿದರೂ ಅಳತೆ ಒಂದೇ. ಪಾತ್ರೆಯ ಮೇಲೆ ಎರಡು ಖೋಸ್ ಎಂಬ ಗುರುತಿದೆ, ಎಂದರೆ ಸುಮಾರು 6.4 ಲೀಟರ್. ಅದರ ಪ್ರತಿಕೃತಿ ಮಾಡಿ ನೀರು ಬಿಟ್ಟು ನೋಡಿದವರಿಗೆ ಪಾತ್ರೆ ಬರಿದಾಗಲು ಹಿಡಿದದ್ದು ಸುಮಾರು 6 ನಿಮಿಷ. ನೀರಿನ ಮಟ್ಟ ಇಳಿದಂತೆ ಒತ್ತಡ ಕಡಿಮೆಯಾಗಿ, ದೂರಕ್ಕೆ ಚಿಮ್ಮುತ್ತಿದ್ದ ಧಾರೆ ಪಾತ್ರೆಯ ಬುಡಕ್ಕೆ ಬಾಗುತ್ತಾ ಬರುತ್ತದೆ. ಅದು ಮಾತನಾಡುವವನ ಕಣ್ಣಿಗೂ ಬೀಳುತ್ತದೆ, ಕೇಳುವವರ ಕಣ್ಣಿಗೂ ಬೀಳುತ್ತದೆ. ನಮ್ಮ ಚೀಟಿಯಾದರೋ ಭಾಷಣಕಾರರೂ ನಿರೂಪಕಿಯೂ ಮಾತ್ರ ಬಲ್ಲ ಗುಟ್ಟು. ಗುಟ್ಟಿಗೆ ಯಾರು ತಾನೇ ನಾಚುತ್ತಾರೆ?

ನ್ಯಾಯಾಲಯದಲ್ಲಿ ಯಾವ ದಾವೆಗೆ ಎಷ್ಟು ನೀರು ಎಂಬುದೂ ನಿಗದಿಯಾಗಿತ್ತು. ಅರಿಸ್ಟಾಟಲನದೆಂದು ಹೇಳಲಾಗುವ ಅಥೆನ್ಸಿನ ಆಡಳಿತದ ವಿವರಣೆಯಲ್ಲಿ ಇದರ ಪಟ್ಟಿಯೇ ಇದೆ: 5000 ದ್ರಾಕ್ಮಾ ಹಣ ಮೀರಿದ ವ್ಯಾಜ್ಯಕ್ಕೆ ಹತ್ತು ಖೋಸ್, 1000ಕ್ಕಿಂತ ಕಡಿಮೆಯದಕ್ಕೆ ಐದು. ಕಾನೂನನ್ನೋ ಸಾಕ್ಷಿಯ ಹೇಳಿಕೆಯನ್ನೋ ಓದಿಸುವಾಗ, ನೀರು ನಿಲ್ಲಿಸಪ್ಪಾ ಎಂದು ವಕ್ತಾರ ಪಾತ್ರೆಯ ಬಳಿ ನಿಂತವನಿಗೆ ಹೇಳುವುದುಂಟು. ಹೆಸರಾಂತ ವಾಗ್ಮಿ ಡೆಮಾಸ್ತನೀಸ್ ಒಮ್ಮೆ ತನ್ನ ಎದುರಾಳಿಗೆ, ಬೇಕಾದರೆ ನನ್ನ ನೀರಿನಲ್ಲೇ ಬಂದು ಸಾಬೀತುಮಾಡು ಎಂದು ಸವಾಲು ಹಾಕಿದ. ಸಮಯವನ್ನು ಸ್ವಂತ ಆಸ್ತಿಯೆಂದು ತಿಳಿದವನಿಗೆ ಮಾತ್ರ ಇಂತಹ ಔದಾರ್ಯ ಹೊಳೆದೀತು. ಇದನ್ನು ಇಷ್ಟಪಡದವರೂ ಇದ್ದರು. ಹರಿಯುವ ನೀರು ಅಟ್ಟಿಸಿಕೊಂಡು ಬರುವುದರಿಂದ ನ್ಯಾಯಾಲಯದಲ್ಲಿ ಪಳಗಿದವರಿಗೆ ತತ್ತ್ವಜ್ಞಾನಿಯ ನಿರಾಳತೆ ದಕ್ಕುವುದಿಲ್ಲವೆಂದು ಪ್ಲೇಟೋ ಬರೆದ. ಕ್ರಿ.ಪೂ. 399ರ ವಿಚಾರಣೆಯಲ್ಲಿ ಸಾಕ್ರೆಟಿಸನೂ, ಮರಣದಂಡನೆಯ ಮೊಕದ್ದಮೆಯನ್ನು ಒಂದೇ ದಿನದಲ್ಲಿ ಮುಗಿಸದೆ ಹಲವು ದಿನ ನಡೆಸುವ ಕಾನೂನಿದ್ದಿದ್ದರೆ ನಿಮ್ಮನ್ನು ಒಪ್ಪಿಸುತ್ತಿದ್ದೆ ಎಂದನಂತೆ. ಇವರಿಬ್ಬರ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ತೊಂದರೆಯೆಂದರೆ, ಕಾಲಾವಕಾಶ ಸಾಲದೆಂದು ಗೊಣಗುವ ಪ್ರತಿಯೊಬ್ಬ ಭಾಷಣಕಾರನೂ ತನ್ನನ್ನು ಸಾಕ್ರೆಟಿಸನೆಂದೇ ಬಗೆದಿರುತ್ತಾನೆ.

ಈ ಪಾತ್ರೆಯ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಅರಿಸ್ಟೋಫೇನಿಸನಿಂದ. ಕ್ರಿ.ಪೂ. 422ರಲ್ಲಿ ಆಡಿಸಿದ ಅವನ ‘ಕಣಜಗಳು’ ಪ್ರಹಸನದಲ್ಲಿ ಒಬ್ಬ ಮುದುಕನಿಗೆ ನ್ಯಾಯಾಲಯದಲ್ಲಿ ಕುಳಿತು ತೀರ್ಪು ಕೊಡುವ ಹುಚ್ಚು. ರಾತ್ರಿ ಮಲಗಿದರೂ ಅವನ ಮನಸ್ಸು ಕ್ಲೆಪ್ಸಿಡ್ರಾದ ಸುತ್ತಲೇ ಹಾರಾಡುತ್ತಿರುತ್ತದೆ. ಮತದ ಹರಳನ್ನು ಹಿಡಿದು ಹಿಡಿದು, ಬೆಳಿಗ್ಗೆ ಏಳುವಾಗಲೂ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹರಳುಗಳು ಮುಗಿದುಹೋದರೇನು ಗತಿಯೆಂದು ಮನೆಯೊಳಗೆ ಒಂದು ಕಡಲ ದಂಡೆಯನ್ನೇ ಇಟ್ಟುಕೊಂಡಿದ್ದಾನೆ. ಬೇಸತ್ತ ಮಗ ಮನೆಗೆ ಬಲೆ ಹೊದಿಸಿ ಕಾವಲಿಡುತ್ತಾನೆ. ಮುದುಕ ಹೊಗೆಗೂಡಿನಿಂದ ತಲೆ ಹೊರಹಾಕಿದಾಗ, ಯಾರದು ಎಂದು ಮಗ ಕೇಳಿದರೆ, ನಾನು ಹೊಗೆ, ಹೊರಗೆ ಹೋಗುತ್ತಿದ್ದೇನೆ ಎನ್ನುತ್ತಾನೆ. ಅದೂ ನಡೆಯದಿದ್ದಾಗ ಕತ್ತೆಯ ಹೊಟ್ಟೆಗೆ ಜೋತುಬಿದ್ದು ಪಾರಾಗಲು ನೋಡುತ್ತಾನೆ. ಕಡೆಗೆ ಮಗ ಮನೆಯಲ್ಲೇ ನ್ಯಾಯಾಲಯ ಹೂಡುತ್ತಾನೆ. ಕೂರಲು ಬೆಚ್ಚಗಿನ ಜಾಗ, ಹಸಿದರೆ ಗಂಜಿ, ನಿದ್ದೆ ಬಂದರೆ ಎಬ್ಬಿಸಲು ಹುಂಜ, ಎದ್ದು ಹೋಗದಂತೆ ಪಕ್ಕದಲ್ಲೇ ಮೂತ್ರದ ಪಾತ್ರೆ. ಕ್ಲೆಪ್ಸಿಡ್ರಾ ಎಲ್ಲಿ ಎಂಬ ಪ್ರಶ್ನೆ ಬಂದಾಗ ಮುದುಕ ಆ ಮೂತ್ರದ ಪಾತ್ರೆಯನ್ನೇ ತೋರಿಸಿ, ಇದು ಮತ್ತೇನು ಎನ್ನುತ್ತಾನೆ. ಆರೋಪಿ ಮನೆಯ ನಾಯಿ ಲಬೆಸ್. ಸಿಸಿಲಿಯ ಚೀಸನ್ನು ಒಬ್ಬನೇ ತಿಂದದ್ದು ಅಪರಾಧ. ಫಿರ್ಯಾದಿ ಇನ್ನೊಂದು ನಾಯಿ. ಸಾಕ್ಷಿಯ ಕಟ್ಟೆಗೆ ಬರುವುದು ಚೀಸು ತುರಿಯುವ ತುರಿಮಣೆ. ಸಮಕಾಲೀನ ರಾಜಕಾರಣಿಗಳಾದ ಕ್ಲಿಯೋನ್ ಮತ್ತು ಲಾಖೆಸರ ಜಗಳವೇ ಇಲ್ಲಿನ ನಾಯಿಜಗಳವೆಂದು ವಿದ್ವಾಂಸರು ವಿವರಿಸುತ್ತಾರೆ, ಇರಲಿ. ನನ್ನ ಗಮನ ಸೆಳೆದದ್ದು ಬೇರೆ. ಸಮರ್ಥನೆಗೆ ಕರೆದಾಗ ಲಬೆಸನಿಗೆ ದವಡೆ ಕಟ್ಟಿ ಮಾತೇ ಹೊರಡುವುದಿಲ್ಲ. ಅದರ ಪರವಾಗಿ ಮಗನೇ ವಾದಿಸಬೇಕಾಗುತ್ತದೆ. ಕೊಟ್ಟ ನೀರಿನಲ್ಲಿ ಒಂದು ಹನಿಯನ್ನೂ ಖರ್ಚುಮಾಡದ ವಕ್ತಾರ ಇಡೀ ಗ್ರೀಕ್ ಸಾಹಿತ್ಯದಲ್ಲಿ ನನಗೆ ಸಿಕ್ಕಿದ್ದು ಈ ನಾಯಿ ಒಂದೇ. ಅದು ಖುಲಾಸೆಯೂ ಆಗುತ್ತದೆ. ಮಗನ ಉಪಾಯದಿಂದ ಹರಳನ್ನು ತಪ್ಪು ಪಾತ್ರೆಗೆ ಹಾಕಿದ ಮುದುಕ, ಜನ್ಮದಲ್ಲಿ ಮೊದಲ ಸಲ ಒಬ್ಬರನ್ನು ಬಿಟ್ಟುಬಿಟ್ಟೆನಲ್ಲಾ ಎಂದು ಮೂರ್ಛೆ ಹೋಗುತ್ತಾನೆ.

ನ್ಯಾಯಾಲಯದ ಕಥೆ ಹಾಗಿರಲಿ, ಸಾರ್ವಜನಿಕ ಸಭೆಯ ಗತಿಯೇನು ಎಂದು ಕೇಳಬಹುದು. ಅಲ್ಲಿ, ಯಾರಿಗೆ ಮಾತನಾಡುವ ಇಚ್ಛೆಯಿದೆ ಎಂದು ಸಾರುವವನು ಕೂಗಿ ಕರೆಯುತ್ತಿದ್ದ. ಆದರೆ ವಿಷಯ ತಿಳಿಯದವನು ಎದ್ದು ನಿಂತರೆ ಜನ ನಕ್ಕು, ಗದ್ದಲವೆಬ್ಬಿಸಿ ಅವನನ್ನು ಕೂರಿಸುತ್ತಿದ್ದರೆಂದೂ, ಅದಕ್ಕೂ ಬಗ್ಗದಿದ್ದರೆ ಅಧ್ಯಕ್ಷವರ್ಗದ ಆಜ್ಞೆಯ ಮೇರೆಗೆ ಬಿಲ್ಲುಗಾರರು ಎಳೆದುಕೊಂಡು ಹೋಗುತ್ತಿದ್ದರೆಂದೂ ಪ್ಲೇಟೋನ ಒಂದು ಸಂವಾದದಲ್ಲಿದೆ. ನಮ್ಮ ಸಮಾರಂಭಗಳಲ್ಲಿ ಅಧ್ಯಕ್ಷವರ್ಗಕ್ಕೇನೂ ಕೊರತೆಯಿಲ್ಲ. ವೇದಿಕೆಯ ತುಂಬ ಅವರೇ. ಬಿಲ್ಲುಗಾರರನ್ನು ಮಾತ್ರ ಯಾರೂ ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ. ಗ್ರೀಕರಿಂದ ಮಾತಿನ ಹಕ್ಕನ್ನು ಪಡೆದೆವೆಂದು ಹೆಮ್ಮೆಪಡುವವರು ಬಿಲ್ಲನ್ನೂ ಮಡಕೆಯನ್ನೂ ಅಲ್ಲಿಯೇ ಬಿಟ್ಟು ಬಂದದ್ದು ಅಕಸ್ಮಾತ್ತಾಗಿ ಎಂದು ನಾನು ನಂಬುವುದಿಲ್ಲ.

ಬಿಲ್ಲು ಬೇಡ, ಮಡಕೆಯನ್ನಾದರೂ ತರಿಸೋಣವೆಂದು ಪರಿಚಯದ ಒಬ್ಬ ಸಂಘಟಕರಿಗೆ ಸೂಚಿಸಿದೆ. ಅವರು ಉತ್ಸಾಹದಿಂದಲೇ ಕೇಳಿಸಿಕೊಂಡು, ನೀರು ಬಿಡುವವರು ಯಾರು ಎಂದರು. ಅಥೆನ್ಸಿನಲ್ಲಿ ಆ ಕೆಲಸದವನನ್ನು ನ್ಯಾಯದರ್ಶಿಗಳ ನಡುವಿನಿಂದಲೇ ಆಯಾ ದಿನ ಚೀಟಿ ಎತ್ತಿ ಆರಿಸುತ್ತಿದ್ದರು, ಮೊದಲೇ ತಿಳಿದರೆ ಯಾರಾದರೂ ಅವನನ್ನು ಒಳಗೆ ಹಾಕಿಕೊಂಡಾರೆಂಬ ಎಚ್ಚರಿಕೆಯಿಂದ ಎಂದು ವಿವರಿಸಿದೆ. “ಚೀಟಿ ಎಲ್ಲ ಆಗಲ್ಲ ಸಾರ್, ದೊಡ್ಡವರಿಗೆ ಬೇಸರವಾಗುತ್ತೆ. ಮಡಕೆಗೆ ಹೂವಿನ ಹಾರ ಹಾಕಿಸಿ ಮಾನ್ಯರ ಕೈಯಿಂದಲೇ ನೀರು ಬಿಡಿಸೋಣ. ಬಿಡುವುದಕ್ಕೆ ಮುಂಚೆ ಅವರು ಎರಡು ಮಾತಾಡಲಿ” ಎಂದರು. ಆ ಎರಡು ಮಾತು ಮುಗಿಯುವ ತನಕ ಮಡಕೆಯ ಬಿರಡೆಯನ್ನು ತೆಗೆಯುವಂತಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.