"ಕೊಡಿ ಇಲ್ಲಿ ಮೊಬೈಲು"

ಬೆಳಗ್ಗೆಯಿಂದ ಮೈ ಉರಿಯುತ್ತಿದೆ. ಬರೆದರೆ ತಣ್ಣಗಾದೀತು ಅಂತ ಕೂತಿದ್ದೇನೆ. "ಶುರುವಾಯ್ತು ಇವಳ ಪುರಾಣ" ಅನ್ನುವವರು ಈಗಲೇ ಮುಂದಕ್ಕೆ ಹೋಗಬಹುದು.

ಜೆರಾಕ್ಸ್ ಮಾಡಿಸಲು ಸೈಬರ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಮ್ಮ ಹಿಂದಿನ ಬೀದಿಯ ಹೂವಿನಕ್ಕ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿಲ್ಲ ಅಂತ ಮೂರನೇ ಸಲ ಬಂದಿದ್ದರು. ಹುಡುಗ ತಲೆ ಕೂಡ ಎತ್ತಲಿಲ್ಲ. "ಕೊಡಿ ಇಲ್ಲಿ ಮೊಬೈಲು." ಓಟಿಪಿ ನೋಡಿದ, ಏನೋ ಕುಟ್ಟಿದ, ವಾಪಸ್ ತಳ್ಳಿದ. "ಕೆವೈಸಿ ಮಾಡಿದೀನಿ. ನೂರು ರೂಪಾಯಿ." ಅಕ್ಕ ಸೊಂಟದ ಚೀಲ ಬಿಚ್ಚಿದರು.

ನೂರು ರೂಪಾಯಿಗೆ ನನ್ನ ಸಿಟ್ಟಲ್ಲ. ಅವನಿಗೂ ಬಾಡಿಗೆ, ಕರೆಂಟ್ ಬಿಲ್ಲು ಇರುತ್ತದೆ. ನನ್ನ ಸಿಟ್ಟು ಆ "ಕೊಡಿ ಇಲ್ಲಿ"ಯ ಮೇಲೆ. ಅಂಗಡಿಯಲ್ಲಿ ಅದೇ, ಬ್ಯಾಂಕಲ್ಲಿ ಅದೇ, ಮನೆಯಲ್ಲಿ ಮಕ್ಕಳದ್ದೂ ಅದೇ. 2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾದಾಗಿನಿಂದ ಆ ಮೊಬೈಲು ಎಷ್ಟು ಕೈ ದಾಟಿದೆಯೋ. ಆಧಾರ್ ಅಕ್ಕನದು, ಓಟಿಪಿ ಅಕ್ಕನದು, ದುಡ್ಡು ಅಕ್ಕನದು. ಆಗಿದ್ದೇನು ಅಂತ ಮಾತ್ರ ಅಕ್ಕನಿಗೆ ಗೊತ್ತಿಲ್ಲ!

"ವಯಸ್ಸಾದವರಿಗೆ ಇದೆಲ್ಲ ತಲೆಗೆ ಹತ್ತಲ್ಲ ಕಣ್ರೀ" ಅಂತ ಕಾಮೆಂಟ್ ಹಾಕಲು ಬೆರಳು ತುರಿಸುತ್ತಿದೆಯಾ? ಸ್ವಲ್ಪ ತಡೆಯಿರಿ. ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಯುವನಿಧಿ ದುಡ್ಡಿಗೆ "ನನಗಿನ್ನೂ ಕೆಲಸ ಸಿಕ್ಕಿಲ್ಲ" ಅಂತ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಘೋಷಣೆ ಕೊಡಲು ಡಿಗ್ರಿ ಮುಗಿಸಿದ ಹುಡುಗರೂ ಅದೇ ಅಂಗಡಿಯಲ್ಲಿ ನಿಂತಿರುತ್ತಾರೆ. ಅವರಿಗೇನು ವಯಸ್ಸಾಗಿದೆಯಾ?

ಅಕ್ಕನನ್ನು ಸೀದಾ ನಾನು ಭಾನುವಾರ ಕೂರುವ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಆಧಾರ್‌ನವರದೇ ವೆಬ್‌ಸೈಟು ಮೈಆಧಾರ್ ತೆರೆಸಿದೆ. ಕತ್ತಲಲ್ಲೂ ಮಲ್ಲಿಗೆ ಕಟ್ಟುವ ಬೆರಳು, ಪರದೆಯ ಮೇಲೆ ಮಾತ್ರ ಗಂಟು ಬಿಗಿದ ಹಾಗೆ ಒತ್ತುತ್ತಿತ್ತು. ಜಾಸ್ತಿ ಹೊತ್ತು ಒತ್ತಿದರೆ ಕಾಪಿ, ಪೇಸ್ಟ್ ಅಂತ ಇನ್ನೇನೋ ಬಂದು ಕೂರುತ್ತದೆ. "ಅಕ್ಕಾ, ಬಿಸಿ ತವಾ ಮುಟ್ಟಿ ನೋಡ್ತೀರಲ್ಲ, ಹಾಗೆ" ಅಂದೆ. ಆಮೇಲೆ ಸರಿಹೋಯಿತು.

ಆಮೇಲೆ ಕ್ಯಾಪ್ಚಾ, ಅಂದರೆ ನೋಡಿ ಹಾಗೇ ಟೈಪ್ ಮಾಡಬೇಕಾದ ಸೊಟ್ಟ ಸೊಟ್ಟ ಅಕ್ಷರಗಳು. ಪುಟವನ್ನು ಕನ್ನಡ ಮಾಡಿಕೊಂಡರೂ ಅದು ಇಂಗ್ಲಿಷೇ. ಅಕ್ಕ ಮೊಬೈಲನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಕೇಳಿದರು, "ಇದನ್ನ ಬರೆದವನಿಗೆ ಕೈ ನಡುಗ್ತಿತ್ತಾ?"

ನನಗೂ ಕೈ ನಡುಗುತ್ತಿತ್ತು, ಮೊಬೈಲು ಕಿತ್ತುಕೊಂಡು ನಾನೇ ಟೈಪ್ ಮಾಡಿಬಿಡೋಣ ಅಂತ. ಹೇಳಿಬಿಡುತ್ತೇನೆ: ನಮ್ಮಮ್ಮನಿಗೆ ನಾನು ಮಾಡಿದ್ದೂ ಇದೇ. ಆರು ವರ್ಷ "ಕೊಡಮ್ಮ ಇಲ್ಲಿ" ಅಂದೆ. ನಾನು ಊರಲ್ಲಿಲ್ಲದಾಗ ಗ್ಯಾಸ್ ಬುಕ್ ಮಾಡಲು ಬಾರದೆ ನಾಲ್ಕು ದಿನ ಪಕ್ಕದ ಮನೆಯ ಒಲೆಯಲ್ಲಿ ಅನ್ನ ಮಾಡಿಕೊಂಡರು. ನನಗೆ ಹೇಳಲೂ ಇಲ್ಲ.

ಮೂರನೇ ಕ್ಯಾಪ್ಚಾಗೆ ಪುಟ ತೆರೆಯಿತು. ಆಧಾರ್‌ಗೆ ಯಾವ ಬ್ಯಾಂಕು ಜೋಡಣೆಯಾಗಿದೆ ಅಂತ ಅಲ್ಲಿ ತೋರಿಸುತ್ತದೆ. ಆಧಾರ್ ಮೂಲಕ ಕಳಿಸುವ ದುಡ್ಡು ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೇ ಹೋಗುತ್ತದೆ, ನೀವು ಯಾವ ಪಾಸ್‌ಬುಕ್ ಹಿಡಿದು ಅಲೆದರೂ. ಅಕ್ಕ ಹೆಸರು ಓದಿ ಗಲ್ಲದ ಮೇಲೆ ಕೈ ಇಟ್ಟರು. ಸಂಘದ ಸಾಲಕ್ಕೆ ಅಂತ ಯಾವಾಗಲೋ ಮಾಡಿಸಿ ಮರೆತ ಖಾತೆ ಅದು. ಅಂಗಡಿ ಹುಡುಗ ಮೂರು ಸಲದಲ್ಲಿ ಒಂದು ಸಲ ಈ ಪುಟ ತೋರಿಸಿದ್ದರೂ ಸಾಕಿತ್ತು.

ನಾಳೆ ಬ್ಯಾಂಕಿಗೆ ಹೋಗೋಣ ಅಂತ ನಾನು ಎದ್ದೆ. ಅಕ್ಕ ಏಳಲಿಲ್ಲ. ಎಲ್ಲ ಮುಚ್ಚಿ, ಮತ್ತೆ ಮೊದಲಿನಿಂದ ತೆರೆಯತೊಡಗಿದರು.

"ನೀನು ಕೈ ಕಟ್ಕೊಂಡು ಕೂತ್ಕೊಳೇ. ಕೇಳಿದ್ರೆ ಮಾತ್ರ ಹೇಳು."